ಎಂಟು ಪರ್ಸೆಂಟಿನ ಸಿಹಿ

ತಿಪಟೂರು, ೩೧ ಮಾರ್ಚ್ ೨೦೦೩, ಸೋಮವಾರ

ಬಡ್ಡಿ ಇಳಿದ ಸುದ್ದಿಯನ್ನು ಇವತ್ತು ಸಿದ್ದಗಂಗಮ್ಮನವರಿಗೆ ನಾನೇ ಹೇಳಬೇಕಾಯಿತು. ನಾಳೆಯಿಂದ ನಮ್ಮ ಫೈನಾನ್ಸಿನಲ್ಲಿ ಠೇವಣಿಗೆ ಎಂಟೇ ಪರ್ಸೆಂಟು. ಕೊಬ್ಬರಿ ವರ್ತಕರೆಲ್ಲ ಕಡಿಮೆ ಬಡ್ಡಿಯ ಬ್ಯಾಂಕ್ ಸಾಲಕ್ಕೆ ಹೋದರು. ಕೊಟ್ಟ ಸಾಲದಿಂದ ನಮಗೆ ಬರುವ ಆದಾಯ ಐದು ವರ್ಷದಿಂದ ಇಳಿಯುತ್ತಲೇ ಇದೆ. ಮ್ಯಾನೇಜರ್ ಅಂತ ಬೋರ್ಡು ಹಾಕಿಕೊಂಡು ಕೂತಿದ್ದೇನೆ, ಥೂ.

ಸಿದ್ದಗಂಗಮ್ಮನವರ ಮಗಳು ಇಂಪನಾ ಜ್ವರದಲ್ಲಿ ತೀರಿಕೊಂಡ ಮೇಲೆ, ಅವಳ ಮದುವೆಗೆಂದು ಕೂಡಿಟ್ಟಿದ್ದ ಹಣವನ್ನು ಅವರು ನಮ್ಮಲ್ಲಿಟ್ಟರು. ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಅವಳು ಹೋದ ದಿನ ಹಾಸ್ಟೆಲ್ ಮಕ್ಕಳಿಗೆ ಸಿಹಿ ಊಟ. ಹದಿನಾಲ್ಕು ಪರ್ಸೆಂಟ್ ಇದ್ದಾಗ ಒಬ್ಬಟ್ಟು ಹಾಕಿಸುತ್ತಿದ್ದರು. ಹನ್ನೊಂದಕ್ಕೆ ಇಳಿದಾಗ ಅದು ಪಾಯಸವಾಯಿತು.

"ಅಸಲಲ್ಲೇ ಸ್ವಲ್ಪ ತೆಗೆದು ಪಾಯಸಾನೇ ಮಾಡ್ಸಿ, ಅಮ್ಮ" ಅಂದೆ. ಅನ್ನಬಾರದಿತ್ತು.

"ಬ್ಯಾಡ ಕಣಪ್ಪ ಜ್ಞಾನೇಶ. ಅಸಲು ಅಂದ್ರೆ ಅವ್ಳೇ ಅಲ್ವಾ? ಅದುನ್ನ ಮುಟ್ಟಬ್ಯಾಡ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಮೇಲೆ ನನ್ನ ಮುಖ ನೋಡಿ ಅವರೇ ನನಗೆ ಸಮಾಧಾನ ಹೇಳಿದರು. "ನೀನೇನ್ ಮಾಡ್ತೀಯ ಬುಡು. ಈ ಸಲ ಒಂದೊಂದು ಬಾಳೆಹಣ್ಣು ಕೊಟ್ರಾಯ್ತು. ನಮ್ ಇಂಪನಂಗೆ ಬಾಳೆಹಣ್ಣು ಅಂದ್ರೆ ಪ್ರಾಣ."

ನಾನು ತಲೆಯಾಡಿಸಿದೆ. ಇಂಪನಾ ನನ್ನ ತಂಗಿಯ ಗೆಳತಿ. ನಮ್ಮ ಮನೆಗೆ ಬಂದಾಗಲೆಲ್ಲ ಮೂಗು ಮುಚ್ಚಿಕೊಂಡು ತಟ್ಟೆ ತಳ್ಳುತ್ತಿದ್ದಳು. "ಬಾಳೆಹಣ್ಣು ಬುಟ್ಟು ಬೇರೆ ಏನಾರ ಕೊಡೇ" ಅನ್ನುತ್ತಿದ್ದಳು. ಹೆತ್ತ ತಾಯಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ...