ವಿಮಾನದ ವರದಿಗೆ ನಾನು ಹಚ್ಚಿದ ಸಾಲು

ಮಂಗಳವಾರ, 4 ಫೆಬ್ರವರಿ 2025. ಮಧ್ಯಾಹ್ನ 12
ಬೆಳಗಿನಿಂದ ಹನ್ನೊಂದು ವರದಿ. ಒಂದು ವಿಮಾನದ ಗಾಜಿಗೆ ಹದ್ದು ಬಡಿದಿದೆ. ಇನ್ನೊಂದರ ಚಕ್ರ ಒಳಗೆ ಹೋಗಲೇ ಇಲ್ಲ. ಪೈಲಟ್‌ಗಳು ಎರಡೆರಡು ಪುಟ ಬರೆಯುತ್ತಾರೆ, ಅದೂ ಅರ್ಧರ್ಧ ಶಬ್ದದಲ್ಲಿ. ಓದಿ, ಇಂಗ್ಲಿಷಿನಲ್ಲೇ ಮೂರು ಸಾಲಿಗೆ ಇಳಿಸಬೇಕು. ಆ ವರದಿ, ಈ ಮೂರು ಸಾಲು — ಜೋಡಿ ಮಾಡಿ ಕಂಪ್ಯೂಟರಿಗೆ ಉಣಿಸುತ್ತಾರೆ. ಅಂಥ ಸಾವಿರಾರು ಜೋಡಿ ಕಂಡ ಮೇಲೆ ಅದೇ ತಾನಾಗಿ ಸಾರಾಂಶ ಬರೆಯುತ್ತದಂತೆ. ಪುಣೆಯ ಯಾವುದೋ ಕಂಪನಿಯ ಕೆಲಸ. ಘಟಪ್ರಭಾ ಸ್ಟೇಶನ್ನಿನ ಎದುರು, ಔಷಧ ಅಂಗಡಿಯ ಮೇಲಿನ ರೂಮಿನಲ್ಲಿ ರಾಧಿಕಾ ನಡೆಸುತ್ತಾಳೆ. ಮೂವತ್ತರ ಹುಡುಗಿ, ನಮಗೆಲ್ಲ ಮಾಲಕಿ.

ವಿಮಾನ ಹತ್ತಿದವನಲ್ಲ ನಾನು. ಆದರೆ ಬಿ.ಎ.ಯಲ್ಲಿ ಪ್ರೆಸಿ ರೈಟಿಂಗ್ ಇತ್ತು, ಸಾರಾಂಶ ಬರೆಯುವ ಪಾಠ. ಒನ್ ಥರ್ಡ್, ಓನ್ ವರ್ಡ್ಸ್, ಸೂಟೇಬಲ್ ಟೈಟಲ್... ಮುಂದಿನದು ಮರೆತೆ. ಅದರ ಮೇಲೆ ಹತ್ತಿ ಗಿರಣಿಯಲ್ಲಿ ಕ್ಲಾರ್ಕ್ ಆಗಿ ಇಪ್ಪತ್ತೆಂಟು ವರ್ಷ ಅಪಘಾತದ ಬುಕ್ಕು ಬರೆದ ಕೈ. ಏನಾಯಿತು, ಯಾರಿಗಾಯಿತು, ಯಾಕಾಯಿತು. ಮೂರನೆಯ ಸಾಲು ಯಾವಾಗಲೂ ತಯಾರು — ಕೆಲಸಗಾರನ ಅಜಾಗರೂಕತೆ. ಮ್ಯಾನೇಜರ್ ಮೊದಲ ದಿನವೇ ಕಲಿಸಿದ್ದ. ಇಲ್ಲೂ ಕೈ ತಾನಾಗಿ ಬರೆಯುತ್ತದೆ: ಡ್ಯೂ ಟು ಕೇರ್‌ಲೆಸ್‌ನೆಸ್ ಆಫ್ ಪೈಲಟ್. ಬರೆಯದಿದ್ದರೆ ಏನೋ ಬಿಟ್ಟಂತೆ.

ಹೆಂಡತಿ ಗೌರಿ ತೀರಿಕೊಂಡು ಒಂದೂವರೆ ವರ್ಷ. ಗೋಕಾಕದ ಮನೆಯಲ್ಲಿ ಒಬ್ಬನೇ ಕೂತರೆ ಕಾಲು ನಿಲ್ಲುವುದಿಲ್ಲ. ಇಲ್ಲಿ ನಿಲ್ಲುತ್ತವೆ, ಸ್ವಲ್ಪ.

ಶನಿವಾರ, 15 ಫೆಬ್ರವರಿ
ಸಾರಾಂಶ ಬರೆಯುವ ಯಂತ್ರಕ್ಕೆ ಇವತ್ತು ಪರೀಕ್ಷೆ. ರಾಧಿಕಾ ಹೊಸ ವರದಿ ಕೊಟ್ಟಳು. ರನ್‌ವೇ ಮೇಲೆ ನಾಯಿ ಬಂದಿದೆ, ಪೈಲಟ್ ಇಳಿಸದೆ ಮತ್ತೆ ಮೇಲಕ್ಕೇರಿಸಿದ್ದಾನೆ, ಎಲ್ಲರೂ ಕ್ಷೇಮ. ಯಂತ್ರ ಮೂರು ಸಾಲು ಬರೆಯಿತು. ಎರಡು ಚಂದ. ಮೂರನೆಯದು — ಪೈಲಟನ ಅಜಾಗರೂಕತೆಯೇ ಕಾರಣ.

ಬಾಜೂ ಕುರ್ಚಿಯ ಉಮೇಶ ಬಿದ್ದು ಬಿದ್ದು ನಕ್ಕ. "ನಾಯಿ ಸಾಕಿದಾಂವ ಪೈಲಟ್ ಏನ್ರಿ ಕಾಕಾ?"

ರಾಧಿಕಾ ನಗಲಿಲ್ಲ. "ಕಾಕಾ, ಇದು ನಿಮ್ಮ ಸಾಲ್ರಿ. ಹದ್ದು ಬಡಿದ ವರದಿಗೂ ಇದನ್ನ ಬರದೀರಿ. ಅದರೊಳಗ ಎಲ್ಲೈತಿ, ತೋರಸ್ರಿ."

"ಇರದಿದ್ರೇನಾತವಾ? ಕಾರಣ ಅಂತ ಒಂದು ಬರೀಬೇಕಲ್ಲ."

"ಗೊತ್ತಿಲ್ಲಂದ್ರ ಬರೀಬಾರದ್ರಿ. ನೀವು ಬರದದ್ದನ್ನ ಅದು ಖರೆ ಅಂತ ಕಲೀತೈತಿ. ಅದೇನು ಅಲ್ಲಿ ನಿಂತು ನೋಡೈತೇನ್ರಿ?"

ನಾನು ಈವರೆಗೆ ಮುಗಿಸಿದ್ದು ಆರುನೂರಾ ನಲವತ್ತು ವರದಿ. ಎಲ್ಲ ತೆರೆದು ಆ ಸಾಲು ತೆಗೆಯಬೇಕು. ಮೊದಲನೆಯದು ತೆರೆದೆ.

ಗುರುವಾರ, 20 ಫೆಬ್ರವರಿ. ಸಂಜೆ 5
ಇನ್ನೂರಾ ಹತ್ತು ತಿದ್ದಿದೆ. ಒಂದೊಂದು ಸಾಲು ಅಳಿಸುವಾಗಲೂ ಗಿರಣಿಯ ಕೇದಾರಿ ನೆನಪಾಗುತ್ತಾನೆ. ಬುಕ್ಕಿನ ಅಷ್ಟು ಜನರಲ್ಲಿ ಯಾಕೆ ಅವನೊಬ್ಬನೇ...

1998. ಹುಕ್ಕೇರಿ ರಸ್ತೆಯ ನಮ್ಮ ಹತ್ತಿ ಗಿರಣಿ. ಕೇದಾರಿಯ ಬಲಗೈಯ ನಾಲ್ಕು ಬೆರಳು ಯಂತ್ರಕ್ಕೆ ಹೋದವು. ನಾನು ನೋಡಲಿಲ್ಲ. ಚಾ ಕುಡಿದು ಬರುವಷ್ಟರಲ್ಲಿ ದವಾಖಾನೆಗೆ ಒಯ್ದಿದ್ದರು. ಕೈ ಸಿಗದಂತೆ ಯಂತ್ರದ ಹಲ್ಲಿನ ಮೇಲೆ ಹಾಕುವ ಮುಚ್ಚಳ ಮಾತ್ರ ಗೋಡೆಗೆ ಆನಿಸಿ ಇಟ್ಟಿತ್ತು. ಎಂಟು ದಿನದಿಂದ ಅಲ್ಲೇ ಇತ್ತು. ಅದನ್ನು ದಿನಾ ನೋಡಿದ್ದೆ.

ಬುಕ್ಕಿನಲ್ಲಿ ಬರೆದದ್ದು: ತೂಕಡಿಸುತ್ತಿದ್ದ. ಕೆಲಸಗಾರನ ಅಜಾಗರೂಕತೆ. ತೂಕಡಿಕೆ ನಾನೇ ಸೇರಿಸಿದ್ದು. ಸಾಲು ಬೋಳಾಗಿ ಕಂಡಿತೆಂದು.

ಕಲ್ಲೋಳಿಯಲ್ಲಿದ್ದಾನಂತೆ. ಹೋಗಿ ಹೇಳಬೇಕು.

ಭಾನುವಾರ, 23 ಫೆಬ್ರವರಿ
ಬಸ್ ಹತ್ತಿದೆ. ಕಲ್ಲೋಳಿ ಬಂತು. ಏಳಲಿಲ್ಲ. ಮೂಡಲಗಿಗೆ ಹೋಗಿ ಇಳಿದು ಚಾ ಕುಡಿದು, ಅದೇ ಬಸ್ಸಿಗೆ ತಿರುಗಿ ಬಂದೆ. ಬರುವಾಗಲೂ ಏಳಲಿಲ್ಲ. ಕಂಡಕ್ಟರ್ ಕೇಳಿದ, "ಯಜಮಾನ್ರ, ಏನರ ಕಳಕೊಂಡೀರೇನು?"

ಗುರುವಾರ, 6 ಮಾರ್ಚ್
ಆರುನೂರಾ ನಲವತ್ತೂ ಮುಗಿದವು. ರಾಧಿಕಾ ಮತ್ತೆ ಉಣಿಸಿ ನೋಡಿದಳು. ನಾಯಿಯ ವರದಿಗೆ ಈಗ ಎರಡೇ ಸಾಲು. "ಶಾಣ್ಯಾ ಆತ್ರಿ" ಎಂದಳು, ಯಂತ್ರವನ್ನು ತೋರಿಸಿ. ಚೀಲ ಹಿಡಿದು ಎದ್ದುಬಿಟ್ಟೆ. ಈ ಸಲ ಕಲ್ಲೋಳಿಯಲ್ಲಿ ಇಳಿದೆ.

ಕೇದಾರಿ ಮನೆಯ ಮುಂದೆ ಆಡಿಗೆ ಸೊಪ್ಪು ಹಾಕುತ್ತಿದ್ದ, ಎಡಗೈಯಿಂದ. ಗುರುತು ಹಿಡಿದ. "ಕ್ಲಾರ್ಕ್ ಸಾಹೇಬ್ರ! ಬರ್ರಿ, ಬರ್ರಿ." ಹೆಂಡತಿ ಗುಡ್ಡವ್ವ ಚಾ ತಂದಳು. ಗಂಡನ ಕೈಗೆ ಕೊಡುತ್ತ, "ಎಚ್ಚರಲೇ ಹಿಡೀರಿ. ನಿದ್ದಿಗಣ್ಣಾಗ ಇದನ್ನೂ ಚೆಲ್ಲೀರಿ."

ಕೇದಾರಿ ನಕ್ಕ. "ಇಪ್ಪತ್ತೇಳು ವರ್ಷ ಆತ್ರಿ ಸಾಹೇಬ್ರ. ಇನ್ನೂ ಎಬ್ಬಸಾಕತ್ತಾಳ ನನ್ನ."

"ಕೇದಾರಿ, ಅವತ್ತ ನೀ ಖರೇನ ತೂಕಡಸಾಕತ್ತಿದ್ದೇನು?"

"ತೂಕಡಿಸಿರಬೇಕ್ರಿ. ನನಗ ನೆನಪಿಲ್ಲ. ನಿಮ್ಮ ಬುಕ್ಕಿನ್ಯಾಗ ಇತ್ತಲ್ರಿ. ದವಾಖಾನಿಗೆ ಬಂದು ನೀವ ಓದಿ ಹೇಳಿದ್ರಿ, ಎಡಗೈ ಹೆಬ್ಬಟ್ಟು ಒತ್ತಿದ್ನಿ. ನಮ್ಮ ಭಾಗ್ಯಾ ನರ್ಸ್ ಆಗ್ಯಾಳ. ಅಕಿಗೂ ಅದನ್ನ ಹೇಳತೇನಿ — ನಿದ್ದಿಗೆಟ್ಟು ಡ್ಯೂಟಿಗೆ ಹೋಗಬ್ಯಾಡವಾ, ನಿಮ್ಮಪ್ಪನ ಗತಿ ಆಗತೈತಿ."

ಚಾದ ಕಪ್ಪು ಕೆಳಗಿಟ್ಟೆ. "ನಾ ನೋಡಿಲ್ಲೋ. ನೀ ತೂಕಡಿಸಿದ್ದು ನಾ ನೋಡೇ ಇಲ್ಲ. ಮುಚ್ಚಳಾ ತಗದಿಟ್ಟಿದ್ರು. ಅದನ್ನ ನೋಡಿದ್ದೆ. ಅದನ್ನ ಬರೀಲಿಲ್ಲ."

ಗುಡ್ಡವ್ವ ಅಲ್ಲೇ ಕುಕ್ಕರಿಸಿದಳು. "ಹಂಗಾರ... ನಾ ಇಷ್ಟ ವರ್ಷ ಯಾಕ ಬೈದ್ನಿರಿ ಇವರನ್ನ?"



ಕೇದಾರಿ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಉಳಿದ ಸೊಪ್ಪನ್ನು ಆಡಿನ ಮುಂದೆ ಹಾಕಿ ಹೇಳಿದ: "ಬರದು ತರ್ರಿ. ಐತವಾರ ಭಾಗ್ಯಾ ಬರ್ತಾಳ, ಅಕಿ ಮುಂದ ಓದ್ರಿ. ಬರೇ ಬಾಯಿಲೇ ಹೇಳಿ ಹೋದ್ರ, ನಾಳಿಗೆ ನಾನ ನಂಬೂದಿಲ್ಲ."

ಭಾನುವಾರ, 9 ಮಾರ್ಚ್. ಬೆಳಿಗ್ಗೆ 8
ಒಂಬತ್ತೂವರೆಗೆ ಬಸ್. ಐದು ಹಾಳೆ ಹರಿದೆ. ಎರಡು ಸಲ ಬೀದಿಯ ತುದಿತನಕ ಹೋಗಿ ಬಂದೆ.

ತಾರೀಖು ಬರೆದೆ. ಜಾಗ ಬರೆದೆ. ನಾಲ್ಕು ಬೆರಳು ಬರೆದೆ. ಆಮೇಲೆ 'ಮುಚ್ಚಳ ತೆಗೆದಿಡಲಾಗಿತ್ತು' — ಥತ್, ಯಾರೂ ತೆಗೆಯದೆ ಅದೇ ಎದ್ದು ಗೋಡೆಗೆ ನಿಂತಂತೆ. ಹರಿದೆ. ತೆಗೆದವನು ಫಿಟರ್ ರಾವಸಾಹೇಬ. ತೆಗೆಸಿದವನು ಮ್ಯಾನೇಜರ್. ಇಬ್ಬರ ಹೆಸರೂ ಬರೆದೆ. ಉಳಿದದ್ದು ನನ್ನದು.

ಆರನೆಯ ಹಾಳೆ. ಇಲ್ಲಿಯವರೆಗೆ ಸರಿ ಇದೆ: ಕೇದಾರಿ ಎಚ್ಚರವಿದ್ದನೋ ಇಲ್ಲವೋ, ನೋಡಿದವರಿಲ್ಲ. ಮುಚ್ಚಳ ಎಂಟು ದಿನ ಯಂತ್ರದ ಮೇಲೆ ಇರಲಿಲ್ಲ. ಎಂಟೂ ದಿನ ಅದನ್ನು ನೋಡಿ, ಬುಕ್ಕಿನಲ್ಲಿ ತೂಕಡಿಕೆ ಬರೆದವನು —