ಧಾರೆ ಸೀರೆಯ ಎಳೆ

ನರಸಿಂಹರಾಜಪುರ
14 ಏಪ್ರಿಲ್ 2025

ಶಿಶಿರ ಅವರಿಗೆ,

ಹನ್ನೊಂದು ವರ್ಷ ಜೊತೆಗಿದ್ದ ಗಂಡನಿಗೆ ಪತ್ರದ ಮೇಲೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ, ಹೆಸರನ್ನಷ್ಟೇ ಬರೆದಿದ್ದೇನೆ. ಅಮ್ಮನ ಮನೆಯಲ್ಲಿ ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವ ಮನಸ್ಸಿಲ್ಲ. ಮೆಸೇಜು ಹಾಕದೆ ಕಾಗದ ಬರೆಯುವುದಕ್ಕೆ ಕಾರಣವಿದೆ. ನಿಮ್ಮ ಫೋನು ಅಂಗಡಿಯ ಕೆಲಸದವರೆಲ್ಲರ ಕೈಯಲ್ಲಿ ಓಡಾಡುತ್ತದೆ. ಇದರಲ್ಲಿರುವ ಒಂದು ವಿಷಯ ಅವರ ಕಣ್ಣಿಗೆ ಬೀಳಬಾರದು.

ನಿನ್ನೆ ಮಂಟಪಕ್ಕೆ ಕಟ್ಟುವ ಎರಡು ಬಟ್ಟೆಗಳ ಫೋಟೋ ಕಳಿಸಿದಿರಿ. ಕೆಳಗೆ, ಅಡ್ಡಗದ್ದೆ ಮದುವೆಗೆ ಯಾವುದು ಎಂದು ಒಂದೇ ಸಾಲು. ಮನೆ ಬಿಟ್ಟು ಐದು ವಾರವಾದ ಹೆಂಡತಿಗೆ ನೀವು ಆಡಿದ ಮೊದಲ ಮಾತು ಅದು. ತಪ್ಪಾಯಿತು ಎಂಬುದಿಲ್ಲ, ಊಟವಾಯಿತೇ ಎಂಬುದೂ ಇಲ್ಲ. ನಾನು ಉತ್ತರ ಕೊಡಲಿಲ್ಲ, ಕೊಡುವುದೂ ಇಲ್ಲ.

ನಾನು ಮನೆ ಬಿಡಲು ಕಾರಣವಾದ ಆ ವಿಡಿಯೋ ಮತ್ತೆ ನೋಡಿದೆ. ಕೊಪ್ಪದ ಛತ್ರದಲ್ಲಿ ಯಾರೋ ಮೈಕು ಹಿಡಿದು, ಮದುವೆ ಮಂಟಪಕ್ಕೆ ಇಷ್ಟು ಚೆಂದದ ಬಣ್ಣ ಹೇಗೆ ಆರಿಸುತ್ತೀರಿ ಎಂದು ಕೇಳುತ್ತಾರೆ. ನೀವು ಕತ್ತು ಓರೆ ಮಾಡಿ, ಬಣ್ಣ ನನಗೆ ಹುಟ್ಟಿನಿಂದಲೇ ಬಂದದ್ದು ಎನ್ನುತ್ತೀರಿ. ಹಿಂದೆ ನಿಂತ ನನ್ನನ್ನು ತೋರಿಸಿ, ಇವರು ಯಾರು ಎಂದಾಗ, ನನ್ನ ಹೆಂಡತಿ, ಏಣಿ ಹಿಡಿಯುತ್ತಾಳೆ ಎಂದು ನಗುತ್ತೀರಿ. ನಾನೂ ಹಲ್ಲು ಕಿರಿದಿದ್ದೇನೆ. ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಹುಟ್ಟಿನಿಂದ ನಿಮಗೆ ಏನು ಬಂದಿದೆ ಎಂಬುದು ನನಗೊಬ್ಬಳಿಗೇ ಗೊತ್ತು. ಮದುವೆಯಾದ ಮೂರನೆಯ ವಾರ, ಹಿತ್ತಲಿನಿಂದ ಹಣ್ಣುಮೆಣಸು ಕೊಯ್ದು ತನ್ನಿ ಎಂದರೆ ಹಸಿಮೆಣಸನ್ನೂ ಸೇರಿಸಿ ತಂದಿರಿ. ನಾನು ನಕ್ಕೆ, ನೀವು ನಗಲಿಲ್ಲ. ಕೆಂಪೂ ಹಸಿರೂ ನಿಮಗೆ ಒಂದೇ ಥರ ಕಾಣುತ್ತವೆ ಎಂದಿರಿ. ಶಾಲೆಯಲ್ಲಿ ಕೆಂಪು ಎಲೆಯ ಮರ ಬರೆದು ಇಡೀ ತರಗತಿಯ ಮುಂದೆ ನಗೆಪಾಟಲಾದದ್ದನ್ನೂ ಹೇಳಿದಿರಿ. ಯಾರಿಗೂ ಹೇಳಬೇಡ ಎಂದಿರಿ. ನಾನು ಅಮ್ಮನಿಗೂ ಹೇಳಿಲ್ಲ.

ಅಂದಿನಿಂದ ಪ್ರತಿ ಮದುವೆಗೂ ಮೊದಲು ಹುಡುಗಿಯ ಮನೆಗೆ ಹೋದವಳು ನಾನು. ಧಾರೆ ಸೀರೆಯನ್ನು ಅಂಗಳದ ಬೆಳಕಿಗೆ ಹಿಡಿದು ನೋಡಿ, ತುದಿಯಿಂದ ಒಂದು ಎಳೆ ಕೇಳಿ ತಂದು ಬೆಂಕಿಪೊಟ್ಟಣದಲ್ಲಿ ಇಡುತ್ತಿದ್ದೆ. ಮಂಟಪದ ಹಿಂದೆ ಇಳಿಬಿಡುವ ಬಟ್ಟೆಯ ಮೇಲೆ ಆ ಎಳೆ ಇಟ್ಟರೆ ಎಳೆ ಎದ್ದು ಕಾಣಬೇಕು, ಬಟ್ಟೆ ಹಿಂದಕ್ಕೆ ಸರಿದು ನಿಲ್ಲಬೇಕು. ಮಂಟಪ ನೋಡಲು ಬಂದವರು ಹುಡುಗಿಯನ್ನು ನೋಡಿಕೊಂಡು ಹೋಗಬೇಕು. ನನಗೆ ಗೊತ್ತಿರುವ ಅಲಂಕಾರ ಅಷ್ಟೇ. ಆ ಪೊಟ್ಟಣದಲ್ಲಿ ಏನಿದೆ ಎಂದು ನೀವು ಒಂದು ದಿನವೂ ಕೇಳಲಿಲ್ಲ.

ನಾನಿಲ್ಲದೆ ನೀವು ಮಾಡಿದ ಮೇಗುಂದದ ಮದುವೆಯ ಫೋಟೋವನ್ನು ಹುಡುಗಿಯ ತಾಯಿ ಭೈರಮ್ಮ ನನಗೆ ಕಳಿಸಿದರು. ಹಸಿರು ಸೀರೆಯ ಹುಡುಗಿಯ ಹಿಂದೆ ಹಸಿರು ಬಟ್ಟೆಯನ್ನೇ ಕಟ್ಟಿಸಿದ್ದೀರಿ. ಕೆಂಪೆಂದುಕೊಂಡಿರಬೇಕು. ಕೆಲಸದವರು ಬಾಯಿ ಬಿಟ್ಟಿರಲಿಕ್ಕಿಲ್ಲ, ಹುಟ್ಟಿನಿಂದಲೇ ಬಣ್ಣ ಬಲ್ಲವರಿಗೆ ಎದುರಾಡುವವರು ಯಾರು? ಫೋಟೋದಲ್ಲಿ ಒಂದು ಮುಖ, ಎರಡು ಕೈ, ಅಷ್ಟೇ ಕಾಣುತ್ತವೆ. ‘ಎಂತ ಮಾರಾಯ್ತಿ ಇದು, ನನ್ ಮಗಳು ಎಲ್ಲಿ ಹೋದ್ಲು?’ ಎಂದು ಭೈರಮ್ಮ ಕೇಳಿದರು. ಮೊದಲು ನನಗೆ ಖುಷಿಯಾಯಿತು. ಆ ಹುಡುಗಿಗೆ ಆ ದಿನ ಮತ್ತೆ ಬರುವುದಿಲ್ಲವಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಆ ನಾಚಿಕೆಗೂ ನೀವೇ ಕಾರಣ. ನಮ್ಮವರಿಗೆ ಅಂದು ಜ್ವರವಿತ್ತು, ಕೆಲಸದವರು ತಪ್ಪು ಮಾಡಿದರು ಎಂದು ಸುಳ್ಳು ಹೇಳಿದೆ. ನಿಮಗಾಗಿ ಹೇಳುವ ಸುಳ್ಳು ಅದೇ ಕೊನೆ.

ನಿಮ್ಮ ಕಣ್ಣಿನ ವಿಷಯ ಊರಿಗೆಲ್ಲ ಹೇಳಿ ಎಂದು ನಾನು ಕೇಳುತ್ತಿಲ್ಲ. ಬಣ್ಣ ಆರಿಸುವುದು ವನಮಾಲಾ ಎಂದು ಅದೇ ಛತ್ರದಲ್ಲಿ, ಅದೇ ಮೈಕಿನಲ್ಲಿ ಹೇಳಿ. ಅಂಗಡಿಯ ಬೋರ್ಡಿನಲ್ಲಿ ನಿಮ್ಮ ಹೆಸರಿನ ಪಕ್ಕ ನನ್ನ ಹೆಸರೂ ಬರಲಿ. ಅಲ್ಲಿಯವರೆಗೆ ಶೃಂಗೇರಿ ಬಸ್ಸು ಹತ್ತಿದರೂ ನಾನು ಕೊಪ್ಪದಲ್ಲಿ ಇಳಿದು ನಿಮ್ಮ ಮನೆಗೆ ಬರುವುದಿಲ್ಲ.

ಇಂತಿ ನಿಮ್ಮ ಎಂದು ಬರೆಯಲು ಕೈ ಬರದ,
ವನಮಾಲಾ

ಮರೆತಿದ್ದೆ: ಅಡ್ಡಗದ್ದೆಯ ಸೀತಕ್ಕ ನಿಮಗಿನ್ನೂ ಹೇಳಿಲ್ಲವೆಂದು ಕಾಣುತ್ತದೆ. ಮಗಳ ಮಂಟಪದ ಕೆಲಸವನ್ನು ಅವರು ನನಗೆ ಒಪ್ಪಿಸಿದ್ದಾರೆ. ಶನಿವಾರ ಹೋಗಿ ಸೀರೆಯ ಎಳೆಯನ್ನೂ ತಂದಿದ್ದೇನೆ. ನೀವು ಕಳಿಸಿದ ಬಟ್ಟೆಗಳಲ್ಲಿ ಯಾವುದೂ ಆಗುವುದಿಲ್ಲ. ಎರಡೂ ಒಂದೇ ಹಸಿರು, ಸೀರೆಯದೂ ಅದೇ. ಬರುವ ತಿಂಗಳು ಎಂಟನೆಯ ತಾರೀಖು ಬೆಳಿಗ್ಗೆ ಏಳಕ್ಕೆ ಅಲ್ಲಿರುತ್ತೇನೆ. ಏಣಿ ಹಿಡಿಯಲು ಒಬ್ಬರು ಬೇಕು. ಬೇರೆ ಯಾರಿಗೂ ಇನ್ನೂ ಹೇಳಿಲ್ಲ.