ಒಂದು ತಂಬಿಗೆ ತವರಿನ ನೀರು

ಬೀಗದ ವರ್ಷ ನೂರಾ ಹದಿನೆಂಟು, ನಾಲ್ಕನೇ ಒಣಗು, ಐದನೇ ದಿನ
ಹಿರೇಮಡು ಕೆರೆ, ಉಜ್ಜುಕಟ್ಟೆ

ಕೆರೆಗಳಿಗೆ ಬೀಗವಿಲ್ಲದ ಕಾಲದವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಕೆರೆಗಳಿಗೆ ಬೀಗ ಬಿದ್ದಂದಿನಿಂದ ನಮ್ಮ ವರ್ಷದ ಎಣಿಕೆ. ನಮ್ಮಲ್ಲಿ ತಿಂಗಳಿಲ್ಲ, ಹನ್ನೆರಡು ದಿನಕ್ಕೆ ಒಂದು ಒಣಗು. ಹೊರಗಿನಿಂದ ಬಂದ ಹರಿಗೋಲು, ಬಲೆ, ಎಮ್ಮೆಯ ಹಗ್ಗ ಎಲ್ಲವೂ ಅಷ್ಟು ದಿನ ಬಿಸಿಲಲ್ಲಿ ಬಿದ್ದಿದ್ದರೇನೇ ಕೆರೆ ಸೀಮೆಯೊಳಗೆ ಪ್ರವೇಶ. ಹತ್ತನೇ ಕ್ಲಾಸಿಗೆ ಓದು ಬಿಟ್ಟವನು ನಾನು. ತಿಳಿಯದ ಮಾತು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನದು ಉಜ್ಜುಗಾರಿಕೆ. ಬಂದ ಹರಿಗೋಲನ್ನು ಬೋರಲು ಹಾಕಿ, ತಂತಿ ಬ್ರಷ್ಷಿನಿಂದ ಉಜ್ಜಿ, ಸಂದಿಗೆ ಕುದಿಯುವ ನೀರು ಹೊಯ್ದು, ದಿನ ಎಣಿಸುತ್ತ ಕೂರುವುದು. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ, ಆದರೂ ಕೂತಿದ್ದೇನೆ. ನಮಗಿರುವುದು ಕಚ್ಚುಚಿಪ್ಪಿನ ಭಯ. ನಿಮ್ಮ ಕಾಲದಲ್ಲಿ ಯಾವುದೋ ದೋಣಿಯ ತಳಕ್ಕೆ ಅಂಟಿಕೊಂಡು ಬಂದ, ಉಗುರಿನಷ್ಟು ಅಗಲದ ಜೀವ ಅದು. ಅದರ ಮರಿ ಕಣ್ಣಿಗೆ ಕಾಣುವುದಿಲ್ಲ. ತೂಬು, ಪೈಪು, ಆಮೆಯ ಬೆನ್ನು ಎಲ್ಲಕ್ಕೂ ಕಚ್ಚಿಕೊಂಡು ನೀರಿನ ಸತ್ವ ಕುಡಿದುಬಿಡುತ್ತದೆ, ಮೀನು ಉಪವಾಸ ಸಾಯುತ್ತದೆ. ಹೊರಗಿನ ಕೆರೆಗಳೆಲ್ಲ ಹಾಗೇ ಹೋದವು. ಉಳಿದದ್ದು ನಾವು ಕಾಯುವ ನಾಲ್ಕು. ಎಲ್ಲಕ್ಕಿಂತ ಮೇಲಿನದು ಹಿರೇಮಡು.

ನನ್ನ ಹೆಂಡತಿ ಹುಲಿಗೆಮ್ಮ ಹೊರಗಿನವಳು. ಅವರಲ್ಲಿ ಮದುಮಗಳು ತವರಿನ ಕೆರೆಯ ನೀರು ತಂದು ಗಂಡನ ಊರಿನ ಕೆರೆಗೆ ಹೊಯ್ಯಬೇಕು. ಗಂಗೆ ಕೂಡಿಸುವುದು ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಗಡಿಪಾರು. ದಿಬ್ಬಣವೂ ಕಟ್ಟೆಯ ಮೇಲೆ ಹನ್ನೆರಡು ದಿನ ಒಣಗಿತು. ಕೊನೆಯ ದಿನ ಮಡಿಲು ತಪಾಸಣೆ ಮಾಡಬೇಕಾಗಿದ್ದ ನನ್ನ ಜೊತೆಗಾರ ಪಕೀರಪ್ಪ ನಕ್ಕುಬಿಟ್ಟ. "ನಿನ್ ಹೆಂಡ್ತಿ ಮಡ್ಲಾಗ ಕೈ ಹಾಕಾಕ ನಾ ಯಾರಲೇ? ನೀನ ಉಜ್ಜಿ ಒಣಗಿಸ್ಕ್ಯಾ!" ನಾನೇ ಕೈ ಹಾಕಿದೆ. ಅಕ್ಕಿಯ ನಡುವೆ, ಬಾಯಿಗೆ ಮೇಣ ಮೆತ್ತಿದ ಸಣ್ಣ ತಂಬಿಗೆ ಸಿಕ್ಕಿತು.

"ಒಂದ್ ತಂಬಿಗಿ ನೀರು ರೀ," ಅಂದಳು ಹುಲಿಗೆಮ್ಮ ಮೆಲ್ಲಗೆ. "ಕೂಡಿಸ್ದಿದ್ರ ನಾ ಈ ಊರಾಕಿ ಆಗಂಗಿಲ್ಲ." ಅವಳ ಮುಖ ನೋಡಿ ಮಡಿಲನ್ನು ಮತ್ತೆ ಕಟ್ಟಿದೆ. ಸಂಜೆ ಅವಳು ತೂಬಿನ ಹತ್ತಿರ ಹೊಯ್ದು ಬಂದಳು.

ಎರಡು ಮಳೆಗಾಲ ಕಳೆದ ಮೇಲೆ ಅದೇ ತೂಬಿನ ಕಲ್ಲಿಗೆ ಚಿಪ್ಪು ಕಚ್ಚಿತ್ತು. ಕೆರೆಮನೆಯ ಹಿರಿಯರು ನನ್ನನ್ನು ನಿಲ್ಲಿಸಿ ಕೇಳಿದರು. "ಯಾರನ್ನ ಹಸಿ ಬಿಟ್ಟೆಪಾ ಒಳಗ?" ನಾನು ಅಂಬಣ್ಣ ತಾತನ ಹೆಸರು ಹೇಳಿದೆ. ಮಗಳ ಮಣ್ಣಿಗೆ ಹೊರಗೆ ಹೋಗಿ ಬಂದಿದ್ದ ಮುದಿ ಅಂಬಿಗ. ಅವನ ಹರಿಗೋಲು ಹನ್ನೆರಡು ದಿನವೂ ಒಣಗಿತ್ತು. ಒಂಬತ್ತೇ ದಿನ ಅಂದೆ. ಕಾಲು ಹಿಡಿದ, ಪಾಪ ಅಂತ ಬಿಟ್ಟೆ ಎಂದೂ ಸೇರಿಸಿದೆ. ನನ್ನನ್ನು ಬೈದು ಬಿಟ್ಟರು, ಅವನನ್ನು ಸೀಮೆಯಾಚೆಯ ಚಿಪ್ಪುದಂಡೆಗೆ ಅಟ್ಟಿದರು. ಅಲ್ಲಿ ಬರಿಗಾಲಲ್ಲಿ ನಿಂತು ಪೈಪು ಕೆರೆಯುವ ಕೆಲಸ. ಕಾಲು ಸೀಳಿದ ಗಾಯ ಮಾಯುವುದಿಲ್ಲ. ಮುದುಕರು ಒಂದು ಮಳೆಗಾಲ ದಾಟುವುದಿಲ್ಲ.

ಹೊರಡುವಾಗ ತಾತ ಗೇಟಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿದ. "ತಮ್ಮಾ, ಅಕಿ ನೀರು ಹೊಯ್ದಿದ್ದು ನಾ ನೋಡೀನಿ. ಕೆರಿಗೆ ಔಷಧ ಬಿಡೋ ದಿನ ಅಕೀನ ದಂಡಿಗೆ ಕರ್ಕಂಡ್ ಬರಬ್ಯಾಡ. ತಡಕಣಂಗಿಲ್ಲ."

ಕೆಳಗಿನ ಮೂರು ಕೆರೆ ಉಳಿಯಬೇಕಾದರೆ ಹಿರೇಮಡು ಸಾಯಲೇಬೇಕಿತ್ತು. ಕೋಡಿಗೆ ಅಡ್ಡಗಟ್ಟಿ, ಚಿಪ್ಪು ಸಾಯಲೆಂದು ನಿನ್ನೆ ಮೈಲುತುತ್ತ ಬಿಟ್ಟರು. ನೀರು ನೀಲಿಗೆ ತಿರುಗಿತು. ಗೆಂಡೆ, ಕೊರವ ಮೀನುಗಳು ಮೇಲೆ ಬಂದು ಬಾಯಿ ಬಿಟ್ಟವು. ಒಂದು ನೀರುನಾಯಿ ಮರಿಯನ್ನು ಕಚ್ಚಿಕೊಂಡು ದಂಡೆ ಹತ್ತಿ, ಅದು ಸತ್ತಿದೆಯೆಂದು ತಿಳಿಯದೆ ನೆಕ್ಕುತ್ತಲೇ ಇತ್ತು. ಹುಲಿಗೆಮ್ಮನನ್ನು ನಾನು ಕರೆದುಕೊಂಡು ಹೋಗಿದ್ದೆ. ಮುಖ ತಿರುಗಿಸಿದಾಗಲೆಲ್ಲ ಗದ್ದ ಹಿಡಿದು ನೀರಿನ ಕಡೆಗೆ ತಿರುಗಿಸಿದೆ. "ಕಣ್ ಮುಚ್ಚಿದಿ ಅಂದ್ರ ಈಗ್ಲ ಕೆರೆಮನ್ಯಾಗ ನಿನ್ ಹೆಸರು ಹೇಳ್ತೀನಿ," ಅಂದೆ. ಕೊನೆಯವರೆಗೂ ನೋಡಿದಳು.

ನಾನು ನಿಜ ಹೇಳಿದರೆ ತಾತ ವಾಪಸ್ ಬರುತ್ತಾನೆ, ನಾವಿಬ್ಬರು ಹೋಗುತ್ತೇವೆ. ಹೇಳುವುದಿಲ್ಲ. ನಿಮ್ಮ ಕೆರೆಗಳಿಗೆ ಈಗಲೇ ಬೀಗ ಹಾಕಿ, ಕಾವಲಿಗೆ ನನ್ನಂಥವನನ್ನು ನಿಲ್ಲಿಸಬೇಡಿ. ಇದನ್ನೆಲ್ಲ ನಿಮಗಷ್ಟೇ ಬರೆದಿದ್ದೇನೆ. ಇಲ್ಲಿಯವರೆಗೆ ಬಂದು ಸಾಕ್ಷಿ ಹೇಳಲು ನಿಮ್ಮಿಂದ ಆಗುವುದಿಲ್ಲವಲ್ಲ.

ಈರೇಶ
ಉಜ್ಜುಗಾರ